ಹರಿಗೋಲಿನ ಅಂಚು

ಗಂಗಾವತಿಯ ನಮ್ಮ ಪಕ್ಕದ ಮನೆಯ ಯಜಮಾನರು ಫೈಬರ್ ಹರಿಗೋಲು ಮಾಡುತ್ತಿದ್ದರು. ಗಾಜಿನೆಳೆಯ ಬಟ್ಟೆಗೆ ರಾಳ ಸವರಿ, ಉಗುರಿನಿಂದ ಒತ್ತಿ ನೋಡಿ, "ಪಾಕ ಬರ್ಲಿ, ತಡೀರಿ" ಎನ್ನುವರು. ಬೆಲ್ಲದ ಪಾಕದಂತೆ ಬಿಗಿಯುವ ಗಳಿಗೆಯಲ್ಲೇ ಗಡ್ಡದ ಬ್ಲೇಡಿನಿಂದ ಅಂಚು ಕೊಯ್ಯಬೇಕು, ತಡವಾದರೆ ಕಲ್ಲು.

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಮನೆಯಲ್ಲಿದ್ದುದು ಒಂದೇ ಬ್ಲೇಡು. ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದ ಯಜಮಾನರು, ರಾಳ ಪಾಕಕ್ಕೆ ಬಂತೆಂದು ಅಂಗಳಕ್ಕೆ ಓಡಿ ಅಂಚು ಕೊಯ್ದರು. ಬ್ಲೇಡು ಮೊಂಡಾಯಿತು.

"ಬೀಗರಾಗೋರ ಮುಂದ ಹಿಂಗ ನಿಂದರ್ತೀರೇನು?" ಎಂದರು ಹೆಂಡತಿ.

"ಗಡ್ಡ ನಾಳಿಗೂ ಮೆತ್ತಗ ಇರ್ತೈತಿ, ಇದು ಇರಂಗಿಲ್ಲ."

ಬಂದವರು ಚಹಾ ಕುಡಿಯುತ್ತ ಆ ಅಂಚು ಸವರಿ ನೋಡಿದರು, ಗಡ್ಡದ ಮಾತೆತ್ತಲಿಲ್ಲ. ಸಂಬಂಧ ಕುದುರಿತು.

ಇಂದಿಗೂ ಹರಿಗೋಲು ಹತ್ತಿದರೆ ನನ್ನ ಕೈ ಮೊದಲು ಅಂಚಿಗೆ ಹೋಗುತ್ತದೆ. ಒರಟಾಗಿದ್ದರೆ, ಮಾಡಿದವನು ಆ ದಿನ ನುಣ್ಣಗೆ ಗಡ್ಡ ಹೆರೆದುಕೊಂಡಿರಬೇಕು ಎಂದುಕೊಳ್ಳುತ್ತೇನೆ.