ಅರಬ್ಬಿ ಸಮುದ್ರ ತಣ್ಣಗಿರಲಿ ಎಂದು

ಬನಶಂಕರಿಯ ನಮ್ಮ ಬಚ್ಚಲಿನಲ್ಲಿ ಬಕೆಟ್ಟಿನೊಳಗೆ ಕಾಲಿಳಿಬಿಟ್ಟು, ಹೆಂಡತಿ ಅಡುಗೆಗೆಂದು ತಂದಿಟ್ಟಿದ್ದ ಥರ್ಮಾಮೀಟರನ್ನು ನೀರಿಗದ್ದಿ, ಧ್ಯಾನಸ್ಥನಂತೆ ಕೂತಿದ್ದ ನನ್ನನ್ನು ನೀವು ಕಂಡಿದ್ದರೆ, ರಿಟೈರಾದ ಗಣಿತದ ಮೇಷ್ಟರಿಗೆ ಹೀಗೂ ಆಗುವುದುಂಟು ಎಂದುಕೊಂಡು ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದಿರಿ. ಗೀಸರಿನ ಬಿಸಿನೀರಿಗೆ ಟ್ಯಾಂಕಿನ ತಣ್ಣೀರು ಬೆರೆಸಿ ನಾನು ಇಪ್ಪತ್ತೆಂಟು ಡಿಗ್ರಿಯನ್ನು ಹದ ಮಾಡುತ್ತಿದ್ದೆ. ಫೆಬ್ರವರಿಯಲ್ಲಿ ಮೂಲ್ಕಿಯ ಸಮುದ್ರ ಹೆಚ್ಚುಕಡಿಮೆ ಅಷ್ಟಿರುತ್ತದೆ ಎಂದು ಓದಿದ್ದೆ.

ಬನಶಂಕರಿಯವನಿಗೆ ಸಮುದ್ರದ ಗೊಡವೆ ಏಕೆಂದರೆ, ಹೆಂಡತಿ ಸುಧಾ ಅರವತ್ತು ತುಂಬುವ ಮುನ್ನ ಅಲೆಯ ಮೇಲೆ ನಿಂತೇ ತೀರಬೇಕೆಂದು ಹಟ ಹಿಡಿದು, ಮೂಲ್ಕಿಯ ಸರ್ಫಿಂಗ್ ತರಗತಿಗೆ ನಮ್ಮಿಬ್ಬರ ಹೆಸರನ್ನೂ ಬರೆಸಿಬಿಟ್ಟಿದ್ದಳು. ನಾನು ಬೇಡವೆನ್ನಲಿಲ್ಲ, ವೆಟ್‌ಸೂಟ್ ಇಲ್ಲದೆ ಇಳಿಯುವುದಿಲ್ಲ ಎಂದೆ ಅಷ್ಟೇ. ಕತ್ತಿನಿಂದ ಹಿಮ್ಮಡಿಯವರೆಗೆ ಮೈಗಂಟುವ ಈ ರಬ್ಬರ್ ಕವಚದ ಶಾಸ್ತ್ರ ಬಲು ಸ್ವಾರಸ್ಯ. ಅದು ಒಂದಿಷ್ಟು ನೀರನ್ನು ಒಳಗೆ ಬಿಟ್ಟುಕೊಂಡು, ನಮ್ಮದೇ ಮೈಕಾವಿನಿಂದ ಅದನ್ನು ಬೆಚ್ಚಗಾಗಿಸಿ, ಆ ಬೆಚ್ಚನೆಯನ್ನು ನಮಗೇ ಹೊದಿಸುತ್ತದೆ. ಕಡಲು ತಣ್ಣಗಾದಷ್ಟೂ ಕವಚ ದಪ್ಪಗಾಗಬೇಕು. ನಮ್ಮ ಕಡಲೋ, ಏಪ್ರಿಲ್ ಮೇ ತಿಂಗಳಲ್ಲಿ ಕೊಂಚ ಕಾದು, ಮಳೆಗಾಲದಲ್ಲಿ ಕೊಂಚ ತಣಿದು, ವರ್ಷವಿಡೀ ಹಿತವಾಗಿಯೇ ಇರುತ್ತದೆ. ಮೋಡ ಕಂಡರೆ ಸ್ವೆಟರ್ ಹುಡುಕುವ ಊರಿನವನಾದ ನಾನು ಋತುವಾರು ಪಟ್ಟಿಗಳನ್ನೆಲ್ಲ ತಿರುವಿದರೂ ಒಂದು ತಣ್ಣನೆಯ ತಿಂಗಳು ಸಿಗಲಿಲ್ಲ. ಅರಬ್ಬಿ ಸಮುದ್ರ ತಣ್ಣಗಿರಲಿ ಎಂದು ದೇವರಿಗೆ ಕೈಮುಗಿದವನು ನಾನೊಬ್ಬನೇ ಇರಬೇಕು.

ಜಯನಗರದ ಆಟದ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿದೆ. "ಮೂಲ್ಕಿಗಾ ಸಾರ್? ಅಷ್ಟುದ್ದದ್ ಹಾಕ್ಕೊಂಡು ಇಳಿದ್ರೆ ಬೆಂದೋಗ್ತೀರ. ಟೀ ಶರ್ಟು, ಚಡ್ಡಿ ಸಾಕು," ಎಂದು ಅಂಗಡಿಯಾತ ತನ್ನ ಮಾಲನ್ನು ತಾನೇ ಬೇಡವೆಂದ. ಪ್ರಾಮಾಣಿಕ ವ್ಯಾಪಾರಿಯ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು.

ಉಳಿದದ್ದು ಬಕೆಟ್ಟಿನ ಪ್ರಯೋಗ. ಇಪ್ಪತ್ತೆಂಟು ಡಿಗ್ರಿ ನನ್ನ ಮೈಗಾದರೂ ಚಳಿಯೆನಿಸಿದರೆ ವಾದಕ್ಕೊಂದು ಆಧಾರ ಸಿಕ್ಕಂತಾಗುತ್ತಿತ್ತು. ಅರ್ಧ ಗಂಟೆ ಕೂತೆ, ಒಂದು ಸೀನೂ ಬರಲಿಲ್ಲ. ತಿಳಿನೀರಿನಲ್ಲಿ ನನ್ನ ಕಾಲುಗಳು ಮಾತ್ರ ಸ್ಪಷ್ಟವಾಗಿ ಕಂಡವು, ಮೊಣಕಾಲಿನಿಂದ ಪಾದದವರೆಗೆ ಹಬ್ಬಿರುವ ತೊನ್ನಿನ ಬಿಳಿ ಮಚ್ಚೆಗಳ ಸಮೇತ. ಇಪ್ಪತ್ತರ ಪ್ರಾಯದಿಂದ ಅವನ್ನು ಕಂಡವರು ಚರ್ಮದ ಡಾಕ್ಟರು ಮತ್ತು ಸುಧಾ ಮಾತ್ರ. ಮದುವೆಮನೆಯಲ್ಲೂ ಪಂಚೆ ಉಡದೆ, ಸೆಕೆಗಾಲದಲ್ಲೂ ಕಾಲುಚೀಲ ಬಿಡದೆ, ಶೀತದ ಮೈ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ವೆಟ್‌ಸೂಟ್ ಬೇಕಾಗಿದ್ದದ್ದು ಇದಕ್ಕೇ. ಇಷ್ಟು ವಯಸ್ಸಾದ ಮೇಲೂ ಒಂದು ಸಮುದ್ರವನ್ನೇ ನೆಪವಾಗಿಸಿಕೊಳ್ಳಲು ಹೊರಟೆನಲ್ಲ ಎಂದು ಬಚ್ಚಲಿನಲ್ಲಿ ಕೂತು ನಾಚಿಕೊಂಡೆ.

ಆದರೂ ಮೂಲ್ಕಿಯ ಮರಳಿಗೆ ಇಳಿದದ್ದು ಟ್ರ್ಯಾಕ್ ಪ್ಯಾಂಟಿನಲ್ಲೇ. ಕಲಿಸಲು ಬಂದ ಹುಡುಗಿ ಒಮ್ಮೆ ನೋಡಿ, "ಅಂಕಲ್, ಈ ಪ್ಯಾಂಟ್ ನೀರು ಕುಡಿದು ಭಾರ ಆಗ್ತದೆ, ಕಾಲಿಗೆ ಸುತ್ತಿಕೊಳ್ತದೆ. ಚಡ್ಡಿ ಉಂಟಾ?" ಎಂದಳು. ಇಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಸುಧಾ ತನ್ನ ಚೀಲದಿಂದ ಹೊಸದೊಂದು ಚಡ್ಡಿ ತೆಗೆದಳು.

"ಇಟ್ಕೊಂಡ್ ಬಂದಿದೀನಿ ಕಣ್ರೀ," ಎಂದಳು ಮೆಲ್ಲಗೆ. "ನಿಮಗೆ ಮನಸ್ಸಿದ್ರೆ ಮಾತ್ರ."

ಹಾಕಿಕೊಂಡು ಬಂದೆ. ಸರ್ಫಿಂಗಿನ ಮೊದಲ ಪಾಠ ನೀರಿನಲ್ಲಲ್ಲ, ದಡದಲ್ಲಿ, ಮರಳ ಮೇಲಿಟ್ಟ ಹಲಗೆಯಲ್ಲಿ ಮಲಗಿ ಥಟ್ಟನೆ ಎದ್ದು ನಿಲ್ಲುವುದು. ನೋಡುವವರೆಲ್ಲ ನೋಡುವುದು ಕಾಲನ್ನೇ ಎಂಬುದನ್ನು ಯಾವ ಪಟ್ಟಿಯೂ ನನಗೆ ತಿಳಿಸಿರಲಿಲ್ಲ. ನಾನು ಎದ್ದು ನಿಂತೆ. ಹುಡುಗಿ ನನ್ನ ಪಾದಗಳನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಅವಳು ಬಗ್ಗಿ, ನನ್ನ ಬಿಳಿ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು ಜರುಗಿಸಿ, "ಎಡಗಾಲು ಇನ್ನೂ ಸ್ವಲ್ಪ ಮುಂದೆ ಬರಬೇಕು, ಅಂಕಲ್," ಎಂದಳು.