ಹೊಸ್ತಿಲು ತುಳಿಯದ ಗುಂಯ್‌ಪಟ

ಹೋದ ವರ್ಷ ಹೆಂಡತಿಯ ತವರಿಗೆ ಹೋದಾಗ ಊರ ಹಿಂದಿನ ಗುಡ್ಡದ ಬುಡದಲ್ಲಿ ಹೊಸ ಬೋರ್ಡೊಂದು ಕಂಡಿತು. ಬೆಂಕಿ ಹಚ್ಚಬಾರದು, ಪ್ಲಾಸ್ಟಿಕ್ ಎಸೆಯಬಾರದು ಎಂಬ ಹಳೆಯ ಮಾತುಗಳ ಕೆಳಗೆ, ಡ್ರೋನ್ ಹಾರಿಸುವುದನ್ನು ನಿಷೇಧಿಸಲಾಗಿದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಹೆಂಡತಿ ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು.

"ಈ ರೂಲು ನಿಮ್ಮ ಸಲುವಾಗೇ ಬಂದೈತಿ ನೋಡ್ರಿ," ಎಂದಳು.

ನಾನು ಡ್ರೋನನ್ನು ಕೈಯಲ್ಲಿ ಮುಟ್ಟಿದವನೂ ಅಲ್ಲ. ಆದರೂ ಆಕೆಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತೊಂಬತ್ತರ ದಶಕದಲ್ಲಿ ಆ ಗುಡ್ಡದ ಬುಡದಿಂದ ಗುಂಯ್ ಎನ್ನುವ ವಸ್ತುವೊಂದನ್ನು ಆಕಾಶಕ್ಕೆ ಬಿಟ್ಟವನು ನಾನು. ಅದಕ್ಕೆ ನಿಂತ ಜಾಗದಲ್ಲೇ ಕಾನೂನು ಮಾಡಿಸಿಕೊಂಡವನೂ ನಾನೇ.

ನಮ್ಮದು ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ದಾರದ ಉಂಡೆ ತಿಂಗಳಿಗೆ ಎಷ್ಟು ಬೇಕೋ ಅದರ ಎರಡರಷ್ಟು ಖರ್ಚಾಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತಿದೆ ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಕಾರಹುಣ್ಣಿಮೆ ಕಳೆದು ಗಾಳಿ ಎದ್ದರೆ ನನ್ನ ಕೈ ತಕ್ಕಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆಯ ವಯಸ್ಸಿನ ಗಂಡಸು ಪಟ ಹಾರಿಸುತ್ತಾನೆಂದು ಓಣಿಯವರು ಆಡಿಕೊಂಡರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು, ಮತ್ತು ಮರುದಿನ ಇನ್ನೂ ದೊಡ್ಡ ಪಟ ಕಟ್ಟುತ್ತಿದ್ದೆ. ನನ್ನ ಪಟದ ತಲೆಗೆ ಬಿದಿರ ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ, ಕೇಳಿ ಕೇಳಿ ಸವೆದ ಕ್ಯಾಸೆಟ್ಟಿನ ಕರಿ ರೀಲನ್ನು ಅದಕ್ಕೆ ಬಿಗಿದು ಕಟ್ಟಿದರೆ, ಗಾಳಿ ತಾಗಿದ್ದೇ ತಡ ಅದು ಗುಂಯ್ ಎಂದು ಹಾಡುತ್ತಿತ್ತು. ಮೂರು ಓಣಿ ಆಚೆಗೂ ಕೇಳುತ್ತಿತ್ತು. ನಾವದನ್ನು ಗುಂಯ್‌ಪಟ ಎನ್ನುತ್ತಿದ್ದೆವು.

ಆ ವೈಶಾಖದಲ್ಲಿ ನನ್ನ ಮದುವೆಯಾಯಿತು. ಮನೆ ತುಂಬ ಜನ. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಲ್ಲರೂ ಇರುವ ಮನೆಯಲ್ಲಿ ಹೊಸ ಹೆಂಡತಿಯ ಜೊತೆ ಹಗಲು ಹೊತ್ತು ಮಾತಾಡಬೇಕೆಂದರೆ ಒಂದೇ ಜಾಗ, ಮಾಳಿಗೆ. ನಾನು ಪಟ ಬಿಟ್ಟು ಗುಂಯ್ ಎನ್ನಿಸಿದರೆ, ಆಕೆ ಸಂಡಿಗೆ ತಿರುವಿ ಹಾಕುವ ನೆಪದಲ್ಲಿ ಮೇಲೆ ಬರುತ್ತಿದ್ದಳು. ಒಣಗಿ ಕಲ್ಲಾದ ಸಂಡಿಗೆಯನ್ನೇ ಮತ್ತೆ ಮತ್ತೆ ತಿರುವುತ್ತ ಕೂರುತ್ತಿದ್ದಳು. ನಾನು ಅಷ್ಟು ಸುಖವಾಗಿದ್ದ ದಿನಗಳು ಕಡಿಮೆ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಾಯಿತು. ಅದು ಕಳೆದರೆ ಆಷಾಢ. ಮದುವೆಯಾದ ಮೊದಲ ಆಷಾಢದಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಕೂಡದು, ಅಳಿಯನು ಮಾವನ ಮನೆಯ ಹೊಸ್ತಿಲನ್ನೂ ತುಳಿಯಕೂಡದು. ಹೊಸಹಳ್ಳಿ ಕಡೆಯ ತನ್ನ ಊರಿಂದ ಆಕೆಯ ಅಣ್ಣ ಬಂದು ಕರೆದುಕೊಂಡು ಹೊರಟ. ನಾಗರ ಪಂಚಮಿ ಆಗುವವರೆಗೆ ಕಳಿಸುವುದಿಲ್ಲ ಎಂದ. ಬಸ್ ಸ್ಟ್ಯಾಂಡಿನಲ್ಲಿ ಅವನು ಟಿಕೆಟ್ಟಿನ ಚಿಂತೆಯಲ್ಲಿದ್ದಾಗ ಆಕೆ ಮೆಲ್ಲಗೆ ಹೇಳಿದಳು:

"ಅಷ್ಟ್ರಾಗ ನನ್ನ ಮಾರಿ ಮರತುಬಿಡ್ತೀರಿ."

"ಆಷಾಢ ಮುಗಿಯೋದ್ರಾಗ, ನಿಮ್ಮ ಹೊಸ್ತಿಲಾ ತುಳಿಲಾರ್ದಂಗ ನಿನ್ನ ಮಾತಾಡಸ್ತೀನಿ, ನೋಡ್ತಿರು!" ಎಂದುಬಿಟ್ಟೆ.

"ಮಾತಾಡಸ್ರಿ ನೋಡೋಣು," ಎಂದು ನಕ್ಕು ಬಸ್ಸು ಹತ್ತಿದಳು.

ಆಡಿದ ಮೇಲೆ ಮುಗಿಯಿತು. ಮಾತು ತಪ್ಪಿದರೆ ಜೀವನಪೂರ್ತಿ ಆ ನಗೆಯನ್ನು ಕೇಳಬೇಕು. ಅದಕ್ಕಿಂತ ಹೆಚ್ಚಾಗಿ, ಆಕೆ ಇಲ್ಲದ ಮಾಳಿಗೆ ನನಗೆ ಬೇಡವಾಗಿತ್ತು.

ಆಷಾಢದ ಗಾಳಿ ಜೋರಾದ ಒಂದು ದಿನ, ಕೂಡ್ಲಿಗಿಯಲ್ಲಿ ಬೆಲ್ಲದ ದರ ವಿಚಾರಿಸಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ಆಳೆತ್ತರದ ಗುಂಯ್‌ಪಟ ಹಿಡಿದು ಬಸ್ಸು ಹತ್ತಿದೆ. ಬೆಲ್ಲದ ದರಕ್ಕೂ ಪಟಕ್ಕೂ ಏನು ಸಂಬಂಧವೆಂದು ಅಪ್ಪ ಕೇಳಲಿಲ್ಲ. "ಇದಕ್ಕೂ ಒಂದು ಅರ್ಧ ಟಿಕೆಟ್ ತಗಸ್ರಿ," ಎಂದು ಕಂಡಕ್ಟರ್ ಛೇಡಿಸಿದ.

ಆಕೆಯ ಊರು ಗುಡ್ಡದ ಮೂಡಣ ಮಗ್ಗುಲಲ್ಲಿದೆ. ಆಕೆಯ ಮನೆ ಗುಡ್ಡಕ್ಕೆ ಹತ್ತಿರದ ಕಡೆಯ ಓಣಿಯಲ್ಲಿ. ಪಡುವಣ ಗಾಳಿ ಗುಡ್ಡದಿಂದ ನೆಟ್ಟಗೆ ಅವರ ಮಾಳಿಗೆಯ ಕಡೆಗೇ ಬೀಸುತ್ತದೆ. ಎಲ್ಲ ಲೆಕ್ಕ ಹಾಕಿದ್ದೆ, ಫಾರೆಸ್ಟ್ ಗಾರ್ಡ್ ಒಬ್ಬನನ್ನು ಬಿಟ್ಟು. ಊರ ಹೊರಗಿನಿಂದಲೇ ಬಳಸಿ ಬಂದು, ಬಂಡೆಗಳ ನಡುವೆ ಸ್ವಲ್ಪ ಏರಿದ್ದೆನಷ್ಟೇ, ಮೇಲಿನಿಂದ ಕೂಗು ಬಂತು.

"ಏ, ಎಲ್ಲಿಗೆ ಹೊಂಟೀರಿ? ರಿಸರ್ವ್ ಐತಿ ಇದು!"

ಖಾಕಿ ಅಂಗಿ, ಕೈಯಲ್ಲಿ ಕೋಲು, ಐವತ್ತರ ಆಸುಪಾಸಿನ ಮನುಷ್ಯ. ನನಗೋ ಜಗಳ ಕಂಡರೆ ಹುರುಪು.

"ನನ್ನ ಹತ್ರ ಕೊಡ್ಲಿ ಇಲ್ಲ, ಬೆಂಕಿಪೆಟ್ಟಿಗಿ ಇಲ್ಲ, ನಾಯಿ ಇಲ್ಲ. ಪಟ ತರಬಾರ್ದಂತ ಎಲ್ಲೈತ್ರಿ ರೂಲು?"

ಆತ ತಲೆ ಕೆರೆದುಕೊಂಡ. ನಿಜವಾಗಿಯೂ ಇರಲಿಲ್ಲ. ಪಟದ ಸುತ್ತ ಒಂದು ಸುತ್ತು ಬಂದು, ಆ ಕರಿ ರೀಲಿಗೆ ಬಾಯಿ ಹತ್ತಿರ ತಂದು ಊದಿದ. ಗುಂಯ್ ಎಂದಿತು. ಆತನ ಮುಖ ಬದಲಾಯಿತು.

"ಇದು ಜೇನಿನ ಸದ್ದು ಮಾಡ್ತೈತಲ್ರೀ! ಮ್ಯಾಲೆ ಗವ್ಯಾಗ ಕರಡಿ ಮಲಗ್ಯಾವ. ಜೇನು ಬಂತಂತ ತಿಳಕಂಡು ಎದ್ದು ಬಂದ್ರ ಏನ್ ಮಾಡ್ತೀರಿ? ಅದನ್ನ ಬಿಚ್ಚಿ ಹಾರಸ್ಕ್ಯರಿ."

ನಾನು ಬಿದ್ದು ಬಿದ್ದು ನಕ್ಕೆ. ಆತ ನಗಲಿಲ್ಲ. ಸದ್ದಿಲ್ಲದ ಪಟ ನನಗೆ ಯಾತಕ್ಕೂ ಬಾರದು, ಸದ್ದಿಗಾಗಿಯೇ ಬಂದವನು ನಾನು ಎಂದೆ. ಯಾಕೆ ಎಂದ. ನಾನು ಕೆಳಗಿನ ಓಣಿಯ ಕಡೆ ನೋಡಿದೆ. ಆತನೂ ಅತ್ತ ನೋಡಿ, ಯಾರ ಮನೆಯವರೆಂದು ಕೇಳಿದ. ಹೇಳಿದೆ.

"ಓಹೋ, ಅವರ ಅಳಿಯಂದ್ರೇನು! ಆಷಾಢದಾಗ?" ಎಂದು ದನಿ ತಗ್ಗಿಸಿದ. ರಿಸರ್ವ್ ಕಾಡಿಗೆ ನುಗ್ಗಿದ್ದಕ್ಕಿಂತ ಇದೇ ದೊಡ್ಡ ಗುನ್ನೆ ಎನ್ನುವಂತಿತ್ತು. "ಹೊಸ್ತಿಲಾ ತುಳಿಯಂಗಿಲ್ಲ ನೀವು."

"ಅದಕ್ಕ ಗುಡ್ಡಕ್ಕ ಬಂದೀನಿ."

ಈಗ ಆತ ನಕ್ಕ. ನಕ್ಕು, ಬಂಡೆಯ ಮೇಲೆ ಕೂತು, ಅಲ್ಲೇ ಕಾನೂನು ಮಾಡಿದ. ನಾನು ಗಡಿಕಲ್ಲಿನಿಂದ ಕೆಳಗಿಳಿದು ಬೋಳುಬಂಡೆಯ ಮೇಲೆ ನಿಲ್ಲಬೇಕು. ಪಟದ ಮುಖ ಊರ ಕಡೆಗೇ ಇರಬೇಕು, ಗವಿಯ ಕಡೆ ಗೇಣಷ್ಟೂ ತಿರುಗಕೂಡದು.

"ದಾರ ಹರದ್ರ ಒಂದು ಎಳಿ ಬಿಡಲಾರ್ದಂಗ ಆರಿಸ್ಕ್ಯಂಡು ಹೋಗಬೇಕು. ನವಿಲು ಮೊಟ್ಟಿ ಇಟ್ಟಾವ, ಕಾಲಿಗೆ ಸುತ್ತಿಕ್ಯಂತೈತಿ. ಹೊತ್ತು ಇಳಿಯೋದ್ರಾಗ ಕೆಳಗಿಳಸ್ರಿ, ಆಮ್ಯಾಲೆ ಕರಡಿ ತಿರುಗೋ ಹೊತ್ತು. ಅಲ್ಲೀತನಕ ನಾನೂ ಇಲ್ಲೇ ಇರ್ತೀನಿ."

ಕಾವಲಿಗೆ ಎಂದ. ಕಣ್ಣು ಮಾತ್ರ ಪಟದ ಮೇಲಿತ್ತು.

ಬೋಳುಬಂಡೆಯಿಂದ ಬಿಟ್ಟ ಪಟ ಒಂದೇ ಜಗ್ಗಿಗೆ ಎದ್ದಿತು. ಅಂಥ ಗಾಳಿ ನಾನು ಕೊಟ್ಟೂರಿನಲ್ಲಿ ಕಂಡಿರಲಿಲ್ಲ. ದಾರ ಬೆರಳು ಸುಡುತ್ತ ಓಡಿತು. ಪಟ ಹೊಲ ದಾಟಿತು, ಬೇವಿನ ಮರ ದಾಟಿತು, ಕಡೆಯ ಓಣಿಯ ಮೇಲೆ ಹೋಗಿ ನಿಂತು ಗುಂಯ್‌ಗುಡತೊಡಗಿತು. "ಬಿಡ್ರಿ, ಬಿಡ್ರಿ, ಇನ್ನಾ ಬಿಡ್ರಿ!" ಎಂದು ಗಾರ್ಡು ಕುಣಿದ. ಕೋಲು ಯಾವಾಗಲೋ ಬಿಸಾಕಿದ್ದ. ಸ್ವಲ್ಪ ಹೊತ್ತಿಗೆ ದಾರವನ್ನೂ ನನ್ನ ಕೈಯಿಂದ ಕಸಿದುಕೊಂಡ.

ಮಾಳಿಗೆಗಳ ಮೇಲೆ ಜನ ಏರತೊಡಗಿದರು. ಮೊದಲು ಒಂದು ಮನೆ, ಆಮೇಲೆ ಓಣಿಯೇ. ನಮ್ಮ ಮಾವನ ಮಾಳಿಗೆಯ ಮೇಲೆ ನಾಕೈದು ಆಕಾರ ಕಂಡವು, ಅವುಗಳಲ್ಲೊಂದು ಹಸಿರು ಸೀರೆ. ಮದುವೆಯಲ್ಲಿ ನಾವು ಆಕೆಗೆ ಕೊಟ್ಟ ಸೀರೆಯೂ ಹಸಿರೇ. ಮತ್ತೇನು ಬೇಕು! ಹೆಗಲ ಟವೆಲ್ ತೆಗೆದು ಬೀಸಿದೆ. ಹಸಿರು ಸೀರೆಯೂ ಕೈ ಬೀಸಿತು. ನಾನು ಬಂಡೆಯ ಮೇಲೆ ಜಿಗಿದೆ, ಎರಡೂ ಕೈ ಎತ್ತಿ ಕುಣಿದೆ, ಟವೆಲನ್ನು ತಿರುಗಿಸಿ ತಿರುಗಿಸಿ ಬಹಳ ಹೊತ್ತು ಬೀಸಿದೆ. ಹಸಿರು ಸೀರೆಯೂ ಬೀಸುತ್ತಲೇ ಇತ್ತು.

"ಯಾರಿಗೆ ಟವಲ್ ಬೀಸಾಕತ್ತೀರಿ?"

ದನಿ ಹಿಂದಿನಿಂದ ಬಂದಿತ್ತು. ತಿರುಗಿದೆ. ಆಕೆ! ಬಂಡೆಗಳನ್ನು ಬಳಸಿ ಓಡಿ ಬಂದು ಏದುಸಿರು ಬಿಡುತ್ತಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಉಟ್ಟಿದ್ದು ಕೆಂಪು ಸೀರೆ.

"ಮತ್ತ ಅಲ್ಲಿ... ಆ ಹಸರು ಸೀರಿ?"

"ಅದು ನಮ್ಮವ್ವ."

ನೆಲ ಬಾಯಿಬಿಡಬಾರದೇ ಎನಿಸಿತು. ಆಕೆ ಹೊಟ್ಟೆ ಹಿಡಿದುಕೊಂಡು ಬಂಡೆಯ ಮೇಲೆ ಕೂತೇಬಿಟ್ಟಳು. ಬಂಡೆಗಳ ನಡುವೆ ದಾರಿ ಹೇಗೆ ಸಿಕ್ಕಿತೆಂದು ಕೇಳಿದರೆ, "ದಾರ ನೋಡಿಕ್ಯಂತ ಬಂದೆ. ತಲಿ ಮ್ಯಾಲೆ ಇತ್ತಲ್ಲ," ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು, "ಹೊಸ್ತಿಲಾ ನೀವು ತುಳಿಲಿಲ್ಲ. ನಾನು ದಾಟಿ ಬಂದೀನಿ. ಮಾತಾಡಸ್ರಿ ಈಗ," ಎಂದಳು.

ಅಷ್ಟು ದೂರದಿಂದ ಬಂದವನಿಗೆ ಹೊಳೆದದ್ದು ಒಂದೇ ಮಾತು. "ಸಂಡಿಗಿ ಒಣಗ್ಯಾವ," ಎಂದೆ. ಆಕೆಗೆ ಅರ್ಥವಾಯಿತು. ನನ್ನ ಸುಟ್ಟ ಬೆರಳನ್ನು ಸೆರಗಿನ ಚುಂಗಿನಿಂದ ಸುತ್ತಿ ಹಿಡಿದು ಕೂತಳು. ಗಾರ್ಡ್ ನಮಗೆ ಬೆನ್ನು ಮಾಡಿ ದಾರ ಜಗ್ಗುತ್ತ, "ನಾನು ಮ್ಯಾಲಷ್ಟೇ ನೋಡಾಕತ್ತೀನಿ, ಅಳಿಯಾರ," ಎಂದ. ಹೊತ್ತು ಇಳಿಯುವ ಮೊದಲೇ ಪಟ ಇಳಿಸಿದೆವು. ಒಂದು ಎಳೆಯೂ ಉಳಿಯಲಿಲ್ಲ. ಕರಡಿಯೂ ಬರಲಿಲ್ಲ.

ಪಂಚಮಿಗೆ ಹೋದಾಗ ಅತ್ತೆಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವರು ಗುಡ್ಡದ ಸುದ್ದಿ ಎತ್ತದೆ ತಟ್ಟೆಗೆ ಶೇಂಗಾ ಉಂಡಿ ಬಡಿಸಿದರು. ಮಗಳು ಗುಡ್ಡಕ್ಕೆ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದೆ. ಹೆಂಡತಿ ಎಲ್ಲರ ಕಣ್ಣು ತಪ್ಪಿಸಿ ಓಡಿ ಬಂದ ಕಥೆಯನ್ನು ಎಷ್ಟೋ ಜನರಿಗೆ ಜಂಬದಿಂದ ಹೇಳಿದ್ದೇನೆ.

ಹೋದ ವರ್ಷ ಆ ಬೋರ್ಡಿನ ಮುಂದೆ ನಿಂತು ಮತ್ತೆ ಅದೇ ಕಥೆ ಶುರು ಮಾಡಿದೆ. "ಕಣ್ಣು ತಪ್ಪಿಸಿ ಅಂತೀರಲ್ಲ," ಎಂದು ಆಕೆ ತಡೆದಳು. ಅವತ್ತು ಮಾಳಿಗೆಯ ಮೇಲೆ ನಡೆದದ್ದನ್ನು ಆಕೆ ನನಗೆ ಹೇಳಿದ್ದು ಆಗಲೇ. ಅವ್ವ ಆಕೆಯ ಪಕ್ಕದಲ್ಲೇ ನಿಂತಿದ್ದರಂತೆ. ಬೋಳುಬಂಡೆಯ ಮೇಲೆ ಕುಣಿಯುತ್ತಿದ್ದ ನನ್ನ ಕಡೆ ಕೈ ಬೀಸುತ್ತ, ಮಗಳ ಕಡೆ ತಿರುಗಿಯೂ ನೋಡದೆ ಹೇಳಿದರಂತೆ:

"ಹಿತ್ತಲ ಬಾಗಿಲ ಅಗಳಿ ತಗದೈತಿ. ಹೋಗು. ನಾನು ಕೈ ಬೀಸ್ಕ್ಯಂತ ಇರ್ತೀನಿ."