ಬೀಜದ ಫ್ರಿಜ್ಜಿನಲ್ಲಿ ಸಾಹೇಬರ ಮಾವು

ಬೆಳಗಿನ ಆರಕ್ಕೇ ದಿಲ್ಲಿಯ ಜೂನ್ ಬಿಸಿಲು ಗೋಡೆ ಕಾಯಿಸಲು ಶುರುಮಾಡಿದೆ. ನಗರದಂಚಿನ ಸರ್ಕಾರಿ ಬೀಜ ಪರೀಕ್ಷಾಲಯದಲ್ಲಿ ಇಂದಿರಮ್ಮ ಚಪ್ಪಲಿ ಹೊರಗೆ ಬಿಟ್ಟು ಮೊಳಕೆ ಕೋಣೆಯ ಬಾಗಿಲು ತೆರೆಯುತ್ತಾರೆ. ಮೊದಲು ಉಷ್ಣಮಾಪಕ ನೋಡಬೇಕು. ಇಪ್ಪತ್ತು ಡಿಗ್ರಿ. ಅದನ್ನು ರಿಜಿಸ್ಟರಿನಲ್ಲಿ ಬರೆದು, ಒದ್ದೆ ಕಾಗದದ ಸುರುಳಿಯೊಂದನ್ನು ಮೆಲ್ಲಗೆ ಬಿಚ್ಚಿ, ಗೋಧಿಯ ಮೊಳಕೆಗಳನ್ನು ಚಿಮಟದಿಂದ ಎತ್ತಿ ಎಣಿಸತೊಡಗುತ್ತಾರೆ. ಸುರುಳಿಗೆ ನೂರು ಕಾಳು, ಮಾದರಿಗೆ ನಾಲ್ಕು ಸುರುಳಿ, ದಿನಕ್ಕೆ ಹತ್ತು ಮಾದರಿ. ನಾಲ್ಕು ಸಾವಿರ ಕಾಳುಗಳ ಮುಖ ನೋಡುವ ಈ ಹೆಂಗಸಿನ ಹೆಸರು ಒಂದು ವರದಿಯಲ್ಲೂ ಇಲ್ಲ.

ಊರು ಅರಸೀಕೆರೆ. ಗಂಡ ಶಂಕರ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಮನೆ ದಿಲ್ಲಿಯ ಪೀತಮ್‌ಪುರದಲ್ಲಿ. ಇಂದಿರಮ್ಮ ಇಲ್ಲಿ ಸೇರಿದ್ದು ೧೯೯೪ರಲ್ಲಿ, ಗುತ್ತಿಗೆ ಸಹಾಯಕಿಯಾಗಿ. ಹದಿಮೂರು ವರ್ಷವಾದರೂ ಗುತ್ತಿಗೆಯೇ. ಆರಾರು ತಿಂಗಳಿಗೊಮ್ಮೆ ಅಧಿಕಾರಿ ಸಹಿ ಹಾಕಿದರೆ ಮುಂದಕ್ಕೆ, ಇಲ್ಲದಿದ್ದರೆ ಮನೆಗೆ. ಈ ಸಲದ ಗಡುವು ಜೂನ್ ಮೂವತ್ತು.

ಅಧಿಕಾರಿ ಸೋಮಶೇಖರ ಅವರೂ ಕನ್ನಡದವರೇ. ಯುಗಾದಿಗೆ ಒಟ್ಟಿಗೆ ಬೇವುಬೆಲ್ಲ ತಿಂದವರು. ಅವರದೇ ಸಹಿ ಈಗ ತಡವಾಗುತ್ತಿದೆ, ಕಾರಣ ಒಂದು ಅಂಕಿ.

ಹೊಲದಿಂದ ಆಗಷ್ಟೇ ಬಂದ ಗೋಧಿ ನಿದ್ದೆಯಲ್ಲಿರುತ್ತದೆ. ಒದ್ದೆ ಮಾಡಿ ಒಂದು ವಾರ ಹತ್ತು ಡಿಗ್ರಿ ತಂಪಿನಲ್ಲಿಟ್ಟರೆ ಎಚ್ಚರಾಗುತ್ತದೆ, ಆಮೇಲೆ ಇಪ್ಪತ್ತು ಡಿಗ್ರಿಯಲ್ಲಿ ಮೊಳೆಯುತ್ತದೆ. ಆ ತಂಪಿಗೆಂದೇ ಸರ್ಕಾರ ಕೊಟ್ಟ ಫ್ರಿಜ್ ಒಂದಿದೆ. ಮೇ ತಿಂಗಳು ಬಂತೆಂದರೆ ಅದು ಇಡೀ ಕಚೇರಿಯ ಸ್ವತ್ತು. ನೀರಿನ ಬಾಟಲಿ, ಮೊಸರು, ಕೆಳಗಡೆ ಸಾಹೇಬರ ಮಾವಿನಹಣ್ಣು. ಐದು ನಿಮಿಷಕ್ಕೊಬ್ಬರು ಬಾಗಿಲು ತೆರೆದರೆ ತಂಪು ಎಲ್ಲಿ ನಿಲ್ಲಬೇಕು? ಈ ಮೇ ತಿಂಗಳ ಒಂದು ವಾರ ಇಂದಿರಮ್ಮ ದಿನವೂ ಕಂಡದ್ದನ್ನೇ ಬರೆದರು: ಹದಿನೆಂಟು, ಹತ್ತೊಂಬತ್ತು, ಹದಿನೆಂಟು.

ಆ ವಾರ ಫ್ರಿಜ್ಜಿನಲ್ಲಿದ್ದದ್ದು ಸೋನಿಪತ್ ಕಡೆಯ ಬೀಜ ಬೆಳೆಗಾರರ ಸಂಘದ ಗೋಧಿ. ನೂರಕ್ಕೆ ಎಂಬತ್ತೈದು ಮೊಳೆಯಬೇಕಿತ್ತು, ಮೊಳೆತದ್ದು ಅರವತ್ತೊಂದು. ಅನುತ್ತೀರ್ಣವೆಂದು ಬರೆದರೆ ಇನ್ನೂರು ಚೀಲ ಬಿತ್ತನೆ ಬೀಜ ಹಿಟ್ಟಿನ ಗಿರಣಿಗೆ ಹೋಗುತ್ತದೆ. ಇಂದಿರಮ್ಮ ಮೊಳೆಯದ ಕಾಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಸತ್ತ ಕಾಳು ಪಿಚಕ್ಕೆಂದು ಮೆತ್ತಗಾಗುತ್ತದೆ, ಇವು ಗಟ್ಟಿಯಾಗಿದ್ದವು.

"ಸತ್ತಿಲ್ಲ ಸರ್, ಮಲಗಿವೆ. ನಾವೇ ಎಬ್ಬಿಸಿಲ್ಲ," ಎಂದರು.

ಸೋಮಶೇಖರರು ರಿಜಿಸ್ಟರ್ ತರಿಸಿದರು. ತಂಪು ಸರಿಯಿರಲಿಲ್ಲವೆಂದು ಬರಹದಲ್ಲಿದ್ದರೆ ಪರೀಕ್ಷೆ ಮತ್ತೆ ಮಾಡಬೇಕು, ಮೇಲಿನವರಿಗೆ ಕಾರಣ ಹೇಳಬೇಕು. ಮಾವಿನಹಣ್ಣೆಂದು ಹೇಳುವುದು ಹೇಗೆ? "ಹದಿನೆಂಟನ್ನ ಹತ್ತು ಮಾಡಿಬಿಡಿ ಇಂದಿರಮ್ಮ, ಒಂದು ಗೀಟಿನ ಕೆಲಸ," ಎಂದರು ನಯವಾಗಿ.

ಎಂಥ ಮಾತು! ಹತ್ತೆಂದು ಬರೆದರೆ ತಪ್ಪು ಬೀಜದ್ದೇ ಆಗುತ್ತದೆ. ಸಂಘದವರ ವರ್ಷದ ಬೆವರು ಒಂದು ಗೀಟಿಗೆ ಸಮವೇ? ಇಂದಿರಮ್ಮ ಜಗಳವಾಡಲಿಲ್ಲ. "ನಾನು ಬರೆಯೋದು ಪಾದರಸ ತೋರಿಸಿದ್ದನ್ನ ಸರ್. ಅದು ಏರಿದ್ರೆ ನಾನು ಇಳಿಸೋಕಾಗಲ್ಲ," ಎಂದು ರಿಜಿಸ್ಟರ್ ಮುಚ್ಚಿದರು. ಹಣ್ಣುಗಳನ್ನು ಬುಟ್ಟಿಗೆ ತುಂಬಿ ಸಾಹೇಬರ ಮೇಜಿನ ಮೇಲಿಟ್ಟು ಬಂದರು.

ಬೇರೆ ದಾರಿಯಿಲ್ಲದೆ ಮರುಪರೀಕ್ಷೆಯಾಯಿತು. ಏಳು ದಿನ ಅವರು ಫ್ರಿಜ್ಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾಳು ಎಣಿಸಿದರು. ಬಾಟಲಿ ಹಿಡಿದು ಬಂದವರಿಗೆಲ್ಲ "ಮಟ್ಕಾ ಅಲ್ಲಿದೆ ಭಯ್ಯಾ" ಎಂದು ಮಡಕೆ ತೋರಿಸಿದರು. ಆಮೇಲೆ ಮೊಳಕೆ ಕೋಣೆಗೆ ಹೋದ ಆ ಗೋಧಿಯ ಫಲಿತಾಂಶ ನೂರಕ್ಕೆ ತೊಂಬತ್ತನಾಲ್ಕು. ಬದುಕಿದ್ದ ಬೀಜ ಬದುಕಿದೆಯೆಂದು ಸಾಬೀತು ಮಾಡಲು ಒಬ್ಬ ಹೆಂಗಸು ಕಾವಲು ಕೂರಬೇಕಾದ ಕಚೇರಿಗೆ ನಾಚಿಕೆಯಾಗಬೇಕು. ಆಗಿಲ್ಲ. ವರದಿಯ ಕೆಳಗೆ ಸೋಮಶೇಖರರ ಸಹಿ ಬಿತ್ತು, ಇಂದಿರಮ್ಮನವರ ಗುತ್ತಿಗೆ ಕಾಗದಕ್ಕೆ ಇವತ್ತಿನವರೆಗೂ ಬಿದ್ದಿಲ್ಲ. ಗಡುವಿಗೆ ಉಳಿದಿರುವುದು ನಾಲ್ಕು ದಿನ.

ಸಂಘದವರು ಮಾತ್ರ ಉಪಕಾರ ಮರೆತಿಲ್ಲ. ನಿನ್ನೆ ಪರೀಕ್ಷಾಲಯಕ್ಕೆ ಧನ್ಯವಾದದ ಪತ್ರ ಬಂದಿದೆ, ಸಾಹೇಬರ ಹೆಸರಿಗೆ. ಜೊತೆಗೆ ಒಂದು ಪೆಟ್ಟಿಗೆ ದಸೇರಿ ಮಾವು. ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರೆ ಇಂದಿರಮ್ಮ ಎದ್ದು ಫ್ರಿಜ್ಜಿನ ಬಾಗಿಲು ತೆರೆದು ತೋರಿಸುತ್ತಾರೆ. ಹದಿನೇಳು ಡಿಗ್ರಿ. ಅದನ್ನೂ ಬರೆದುಕೊಳ್ಳುತ್ತಾರೆ.

ಅವರಿಗೆ ಬೇಕಾದದ್ದೇನು ಎಂದರೆ ಕೆಲಸ ಕಾಯಂ ಆಗಲಿ ಎನ್ನುವುದಿಲ್ಲ.

"ಇದಕ್ಕೊಂದು ಬೀಗ ಹಾಕ್ಸಿಕೊಡಿ ಸಾಕು. ಕೀಲಿಕೈ ನನಗೇ ಬೇಕು ಅಂತಿಲ್ಲ. ನಾಲ್ಕು ದಿನ ಆದ್ಮೇಲೆ ನಾನು ಇರ್ತೀನೋ ಇಲ್ವೋ. ಕೀಲಿಕೈ ಮಾವಿನಹಣ್ಣು ತಿನ್ನದವರ ಹತ್ತಿರ ಇರಲಿ."